ಗಾಳಿಯ ದಾಸ್ತಾನು

ಬೆಳಿಗ್ಗೆ ನೋಟಿಸು ಬಂತು. ಮಧ್ಯಾಹ್ನ ಹುಡುಕಾಟ ನಡೆಯಿತು. ಸಂಜೆ ಸತ್ಯ ಹೊರಬಿತ್ತು. ಮರುದಿನ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ವಿಚಾರಣೆ. ಆ ವಕೀಲರ ಕಚೇರಿಯಲ್ಲಿ ಒಂದು ಸಂಗತಿ ಇಷ್ಟು ಕ್ರಮವಾಗಿ ನಡೆದದ್ದು ಅದೇ ಮೊದಲು.

ಕಚೇರಿ ಅಲ್ಲಿನ ಕಿರಿಯ ವಕೀಲೆಯ ಸೋದರಮಾವನದು. ಕಾನೂನು ಹುಡುಕಿ ಕೊಡುವುದು ಅವಳ ಪಾಲಿಗೆ, ವಾದಿಸುವುದು ಮಾವನ ಪಾಲಿಗೆ. ಒಮ್ಮೆಯಾದರೂ ತಾನೇ ಎದ್ದು ನಿಂತು ವಾದಿಸಬೇಕೆಂಬುದು ಅವಳ ಆಸೆ. ಕೇಳಿದಾಗಲೆಲ್ಲ ಮಾವ, "ಮೊದಲು ಕಾಲೂರು, ಆಮೇಲೆ ಕುಣಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನೋಟಿಸು ಅವರ ಕಕ್ಷಿದಾರರಾದ ಗಾಳಿಯಂತ್ರದ ಕಂಪನಿಗೆ ಬಂದಿತ್ತು. ಕಳಿಸಿದವರು ಅದರಿಂದ ವಿದ್ಯುತ್ ಕೊಳ್ಳುವವರು. ಹಳೆಯ ಕರಾರಿನ ಪ್ರಕಾರ ಕಂಪನಿಯು ತಿಂಗಳಿಗೆ ಸಾಲುವಷ್ಟು ಇಂಧನವನ್ನು ಅಂಗಳದಲ್ಲಿ ಸದಾ ದಾಸ್ತಾನಿಡಬೇಕು; ಇಟ್ಟಿಲ್ಲ; ಆದ್ದರಿಂದ ಕರಾರು ರದ್ದು.

ಮಾವ ಕುರ್ಚಿಯಿಂದ ಪುಟಿದೆದ್ದರು. "ಗಾಳೀನ ಗೋಣಿಚೀಲದಲ್ಲಿ ತುಂಬಿಡಕ್ಕಾಗುತ್ತೇನೇ? ಇದನ್ನ ಬರೆದ ಮಹಾನುಭಾವ ಯಾರು ಅಂತ ಹುಡುಕು. ನಾಳೆ ಆಯೋಗದ ಮುಂದೆ ಅವನ ಮಾನ ಹರಾಜು ಹಾಕ್ತೀನಿ!"

ಸಾಲುಸಾಲಾಗಿ ಓದಿದಾಗ ಅವಳಿಗೆ ತಿಳಿಯಿತು: ಯಾವುದೋ ಕಲ್ಲಿದ್ದಲು ಸ್ಥಾವರದ ಕರಾರನ್ನು ನಕಲಿಸಿ, ಕಲ್ಲಿದ್ದಲು ಎಂದಿದ್ದಲ್ಲೆಲ್ಲ ಗಾಳಿ ಎಂದು ಬದಲಿಸಲಾಗಿತ್ತು. ಮಳೆಗೆ ಗಾಳಿ ನೆನೆಯದಂತೆ ಟಾರ್ಪಾಲು ಹೊದಿಸಬೇಕಿತ್ತು. ಲಾರಿಯಲ್ಲಿ ಬಂದ ಗಾಳಿಯನ್ನು ತೂಗಿಯೇ ಇಳಿಸಿಕೊಳ್ಳಬೇಕಿತ್ತು. ಗಾಳಿ ಉರಿದು ಉಳಿದ ಬೂದಿಯನ್ನು ಇಟ್ಟಿಗೆ ಗೂಡಿನವರಿಗೆ ಪುಕ್ಕಟೆ ಕೊಡಬೇಕಿತ್ತು. ಕೊನೆಯ ಪುಟದಲ್ಲಿ ಕರಡು ಸಿದ್ಧಪಡಿಸಿದವರ ರುಜು.

ಸಂಜೆ ಅವಳು ಮಾವನ ಕೋಣೆಯ ಬಾಗಿಲು ಮುಚ್ಚಿ ನಿಂತಳು.

"ಸಿಕ್ಕಿದನಾ ಆ ಶತಮೂರ್ಖ?"

"ಸಿಕ್ಕಿದ್ರು ಮಾವ."

"ಮೂರ್ಖನಿಗೆ ಮರ್ಯಾದೆ ಬೇರೆ!"

"ಮನೆಯವರಲ್ವಾ... ಹೋಗೋ ಬಾರೋ ಅನ್ನಕ್ಕೆ ಬಾಯಿ ಬರಲ್ಲ."

ರುಜು ನೋಡಿದ ಮಾವನ ಮುಖ ಇಂಗು ತಿಂದ ಮಂಗನಂತಾಯಿತು. "ಅವತ್ತು ಅವಸರವಿತ್ತು ಕಣೇ" ಎಂದರು.

"ಓದಿದರೇ ಗೊತ್ತಾಗುತ್ತೆ."

ಮಾವ ಕರಾರನ್ನು ಮಡಿಸಿ ಅವಳ ಕೈಗಿಟ್ಟರು. "ನಾಳೆ ಯಾಕೋ ನನಗೆ ಗಂಟಲು ಕಟ್ಟೋ ಹಾಗಿದೆ. ನೀನೇ ವಾದಿಸಿಬಿಡು."

"ಹಾಗಾದ್ರೆ ಕಾಲೂರಿದ್ದೀನಾ, ಮಾವ?"

"ನನ್ನ ತಲೆ ಮೇಲೇ ಊರಿದ್ದೀಯಲ್ಲ, ತಾಯಿ!"

ಮರುದಿನ ಅವಳು ಎದ್ದು ನಿಂತಳು. ಮಾವ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕುಳಿತಿದ್ದರು. ಮಾಡಲು ಸಾಧ್ಯವೇ ಇಲ್ಲದ ಕೆಲಸವನ್ನು ಒಪ್ಪಿಸುವ ಷರತ್ತು ನಿಲ್ಲದೆಂದು ಅವಳು ಹಳೆಯ ತೀರ್ಪುಗಳನ್ನು ಒಂದೊಂದಾಗಿ ಮುಂದಿಟ್ಟಳು. ಬೂದಿಯ ಷರತ್ತನ್ನು ಓದಿದಾಗ ಸಭೆ ಗೊಳ್ಳೆಂದಿತು.

"ಯಾರಮ್ಮ ಇದನ್ನ ಬರೆದದ್ದು?" ಎಂದು ಅಧ್ಯಕ್ಷರು ಕೇಳಿದರು.

ಕಂಬದ ಹಿಂದೆ ಕೆಮ್ಮು ಕೇಳಿತು.

"ಬರೆದವರು ಒಬ್ಬರು, ಸ್ವಾಮಿ. ಒಪ್ಪಿ ರುಜು ಹಾಕಿದ್ದು ಎದುರು ಕಡೆಯವರು. ಓದಿ ಒಪ್ಪಿದ್ದೇವೆ ಅಂತ ಮುದ್ರೆ ಒತ್ತಿದ್ದು ತಮ್ಮ ಆಯೋಗ. ಯಾರ ಹೆಸರಿಂದ ಶುರು ಮಾಡಲಿ?"

ಅಧ್ಯಕ್ಷರು ನೀರು ಕುಡಿದರು. ಎದುರು ವಕೀಲರೂ ಕುಡಿದರು. ಆ ಪ್ರಶ್ನೆಯನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಯೋಗದ ತೀರ್ಮಾನ: ಯಾರಿಂದಲೂ ಮಾಡಲಾಗದ ಕೆಲಸವನ್ನು ವಿಧಿಸುವ ಷರತ್ತು ಅಸಿಂಧು, ಅದನ್ನು ತೆಗೆದ ಮೇಲೆ ಉಳಿಯುವ ಕರಾರು ಸಿಂಧು.