ಗುಮ್ಮಿ ಕನ್ನಡಿ ಕದ್ದ ದಿನ

ನೆನೆಸಿಟ್ಟ ಬಟ್ಟೆಗಳಲ್ಲಿ ಅರ್ಧವನ್ನೂ ಹಿಂಡಿ ಮುಗಿಸಿರಲಿಲ್ಲ, ಒಳಗಿನಿಂದ ನಮ್ಮವರ ಕೂಗು ಕೇಳಿಸಿತು.

"ಲೇ, ಕನ್ನಡಿ ಎಲ್ಲಿಟ್ಟೆ?"

"ಮೊಳೆಗೆ ನೇತುಹಾಕಿದ್ದು ನೀವೇ ಅಲ್ವಾ? ಅಲ್ಲೇ ನೋಡಿ."

"ಮೊಳೆ ಇದೆ, ಕನ್ನಡಿ ಇಲ್ಲ. ಮೊಳೆ ನೋಡ್ಕೊಂಡು ಗಡ್ಡ ಕೆರ್ಕೊಳ್ಲಾ?"

ಕೈಯಲ್ಲಿದ್ದ ಹೊದಿಕೆಯನ್ನು ಬಕೆಟ್ಟಿಗೆ ಬಿಟ್ಟು ಒಳಗೆ ಬಂದೆ. ಅರ್ಧ ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು ನಿಂತಿದ್ದರು. ಎಂಟು ಗಂಟೆಗೆಲ್ಲ ಅವರು ಬಸ್ ಡಿಪೋದಲ್ಲಿರಬೇಕು. ಚಾಲಕನೇ ತಡವಾದರೆ ಬಸ್ಸು ತಾನಾಗಿ ಹೊರಡುತ್ತದೆಯೇ? ಮಂಚದ ಕೆಳಗೆ, ಹೊಲಿಗೆ ಯಂತ್ರದ ಹಿಂದೆ, ಎಲ್ಲ ಕಡೆ ಹುಡುಕಿದೆ. ಹುಡುಕುತ್ತಿರುವಾಗಲೇ ಗಮನಕ್ಕೆ ಬಂತು, ಮಗಳೂ ಕಾಣುತ್ತಿಲ್ಲ.

ಅವಳಿಗೆ ಆರು ವರ್ಷ. ಮಾತು ಬಹಳ ಕಡಿಮೆ. ನಮ್ಮ ಅತ್ತಿಗೆ, ಅಂದರೆ ನಮ್ಮವರ ಅಕ್ಕ, ಅವಳನ್ನು 'ಗುಮ್ಮನಗುಸುಕಿ' ಎಂದು ಕರೆದರು. ಎಲ್ಲವನ್ನೂ ಹೊಟ್ಟೆಯೊಳಗೇ ಇಟ್ಟುಕೊಂಡು ಬಾಯಿಬಿಡದವರಿಗೆ ಹಾಗನ್ನುವುದುಂಟು. ಅಷ್ಟುದ್ದದ ಹೆಸರು ಕೂಗಲು ಯಾರಿಗೆ ಪುರುಸೊತ್ತು? ಸವೆದು ಸವೆದು 'ಗುಮ್ಮಿ' ಆಯಿತು. ನಾನೂ ಹಾಗೇ ಕರೆಯುತ್ತಿದ್ದೆ.

ಅತ್ತಿಗೆ ಕೆಟ್ಟವರಲ್ಲ. ಹನ್ನೆರಡನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡು, ನಾಲ್ಕು ಜನ ತಮ್ಮಂದಿರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವರು. ಅವರಿಗಿದ್ದ ಸಹಾಯಕ ಒಬ್ಬನೇ, ಗುಮ್ಮ. ಉಣ್ಣದಿದ್ದರೆ ಗುಮ್ಮ, ಮಲಗದಿದ್ದರೆ ಗುಮ್ಮ, ಬೀದಿಗೆ ಓಡಿದರೆ ಗುಮ್ಮ. "ನಿನ್ನ ಗಂಡನ್ನ ಬೆಳೆಸಿದ್ದು ನಾನಲ್ಲ ಕಣೇ, ಗುಮ್ಮ. ಪುಣ್ಯಾತ್ಮ, ಒಂದು ದಿನಾನೂ ರಜಾ ಕೇಳ್ಲಿಲ್ಲ" ಎಂದು ನಗುತ್ತಾರೆ. ಈಗ ಅವರ ತೊಡೆಯ ಮೇಲೆ ನನ್ನ ಒಂದೂವರೆ ವರ್ಷದ ಮಗ ಪಾಪು ಇದ್ದಾನೆ. ಗುಮ್ಮ ಮತ್ತೆ ಕೆಲಸಕ್ಕೆ ಹಾಜರಾಗಿದ್ದಾನೆ.

ಎರಡು ವಾರದ ಹಿಂದೆ ಒಂದು ಬೆಳಿಗ್ಗೆ ಪಾಪು ತುಟಿ ಬಿಗಿದುಕೊಂಡು ಕೂತಿದ್ದ. "ಆ ಅನ್ನು, ಇಲ್ಲಾಂದ್ರೆ ಗುಮ್ಮ ಬರತ್ತೆ. ಅಗೋ, ಬಂತು ನೋಡು ಗುಮ್ಮ!" ಎಂದು ಅತ್ತಿಗೆ ಬಾಗಿಲಿನತ್ತ ಬೆರಳು ಚಾಚಿದರು. ಸರಿಯಾಗಿ ಅದೇ ಗಳಿಗೆಗೆ ಮಗಳು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಮುಖದ ತುಂಬ ಇಳಿಬಿಟ್ಟುಕೊಂಡು ಬಾಗಿಲಲ್ಲಿ ಬಂದು ನಿಂತಳು. ಪಾಪು ಕಿಟ್ಟನೆ ಕಿರುಚಿ, ಬಾಯಲ್ಲಿದ್ದದ್ದನ್ನು ಗುಳುಂ ಎಂದು ನುಂಗಿದ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ.

ಆ ದಿನದಿಂದ ಅವಳು ಪಾಪು ಉಣ್ಣುವ ಹೊತ್ತಿಗೆ ಆ ಕೋಣೆಗೆ ಕಾಲಿಡಲಿಲ್ಲ. ಹೊಸಿಲ ಆಚೆಯೇ ನಿಲ್ಲುತ್ತಿದ್ದಳು. ದೀಪ ಆರಿಸಿದರೆ ಎದ್ದು ಕೂರುತ್ತಿದ್ದಳು. ತಮ್ಮನನ್ನು ತಬ್ಬಿಕೊಂಡು ಮಲಗುತ್ತಿದ್ದವಳು ನನ್ನ ಈಚೆ ಬದಿಗೆ ಬಂದುಬಿಟ್ಟಳು, ನಡುವೆ ನಾನು ಗೋಡೆಯ ಹಾಗೆ. ಏನಾಯಿತು ಎಂದರೆ "ಏನಿಲ್ಲ". ಅವಳ ಗಂಟಲಲ್ಲಿ ಒಂದು ಪ್ರಶ್ನೆ ಸಿಕ್ಕಿಕೊಂಡಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಅದು ಹೊರಗೆ ಬರದಿದ್ದರೆ ಮಗು ಒಳಗೊಳಗೇ ಸೊರಗುತ್ತಾಳೆ ಎಂಬ ಭಯವೂ ಇತ್ತು. ಆದರೂ ಕಿತ್ತು ತೆಗೆಯಲು ಹೋಗಲಿಲ್ಲ. ಕಾಯಿ ತಾನಾಗಿ ಹಣ್ಣಾಗಲಿ ಎಂದು ಕಾದೆ.

ಎಲ್ಲ ಕಡೆ ನೋಡಿಯಾದ ಮೇಲೆ ಉಳಿದದ್ದು ಮೆಟ್ಟಿಲ ಕೆಳಗಿನ ಸಾಮಾನು ಕೋಣೆ ಒಂದೇ. ಹಳೇ ಟ್ರಂಕು, ಏಣಿ, ಪೊರಕೆ ಇಡುವ ಜಾಗ. ಅಲ್ಲಿಯ ಬಲ್ಬು ಸುಟ್ಟುಹೋಗಿ ಎಷ್ಟು ಕಾಲವಾಯಿತೋ, ಹಗಲಲ್ಲೂ ಕಗ್ಗತ್ತಲೆ. ನಾನೇ ಪೊರಕೆ ತೆಗೆಯುವಾಗ ಒಂದು ಕಾಲಲ್ಲಿ ಬಾಗಿಲು ಒತ್ತಿ ಹಿಡಿದುಕೊಂಡಿರುತ್ತೇನೆ. ತಳ್ಳಿದೆ. ಟ್ರಂಕಿನ ಮೇಲೆ ನನ್ನ ಮಗಳು ಕೂತಿದ್ದಳು. ಎರಡೂ ಕೈಯಲ್ಲಿ ಕನ್ನಡಿ, ಮೂಗಿಗೆ ತಾಗುವಷ್ಟು ಹತ್ತಿರ.

"ಬಾಗಿಲು ಹಾಕಮ್ಮ, ಬೆಳಕು ಬರ್ತಿದೆ" ಅಂದಳು.

ನಾಲಿಗೆಯ ತುದಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಒಳಗೆ ಹೋಗಿ ಬಾಗಿಲು ಎಳೆದುಕೊಂಡು, ತಡವಿ ತಡವಿ ಅವಳ ಪಕ್ಕ ಕೂತೆ. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತು. ಅದು ನಡುಗುತ್ತಿತ್ತು.

"ಸಿಕ್ತೇನೇ?" ಹೊರಗಿನಿಂದ ಕೂಗು.

"ಸಿಗತ್ತೆ, ಸ್ವಲ್ಪ ಇರ್ರೀ!"

ಅವಳ ಬಿಸಿ ಉಸಿರು ನನ್ನ ಕಿವಿಗೆ ತಗುಲಿತು.

"ಅಮ್ಮ, ಗುಮ್ಮ ಅಂದ್ರೆ ನಾನಾ?" ಪಿಸುಗುಟ್ಟಿದಳು. "ಬೆಳಕಲ್ಲಿ ನಾನು ನಾನೇ ಇರ್ತೀನಿ. ಕತ್ತಲಾದ್ರೆ ಗುಮ್ಮ ಆಗ್ತೀನೇನೋ. ನೋಡೋಣ ಅಂತ ನಾಲ್ಕು ದಿನದಿಂದ ಅಪ್ಪ ಹೋದ್ಮೇಲೆ ಬರ್ತಿದ್ದೆ, ಇವತ್ತು ಬೇಗ ಬಂದೆ. ಕತ್ತಲಲ್ಲಿ ಕನ್ನಡೀಲಿ ಏನೂ ಕಾಣಲ್ಲಮ್ಮ."

ಗುಮ್ಮ ಬಂದು ತನ್ನನ್ನು ಹಿಡಿಯುತ್ತದೆ ಎಂದು ಹೆದರಿದ್ದಾಳೆಂದೇ ನಾನು ತಿಳಿದಿದ್ದೆ. ಅವಳು ಹೆದರಿದ್ದು ತಮ್ಮನ ಸಲುವಾಗಿ. ರಾತ್ರಿ ತಾನೇ ಏನಾದರೂ ಆಗಿಬಿಟ್ಟರೆ ಪಕ್ಕದಲ್ಲಿ ಮಲಗಿದ ಪಾಪುವಿನ ಗತಿಯೇನು ಎಂದು.

ಆದರೆ ಇದು ತಿಳಿದ ಸಂಕಟ ಪೂರ್ತಿ ಇಳಿಯುವ ಮೊದಲೇ ನನ್ನ ಎದೆ ಉಬ್ಬಿತು. ಅವಳ ವಯಸ್ಸಿನಲ್ಲಿ ನಾನು ಕತ್ತಲೆ ಕೋಣೆಯ ಮುಂದೆ ಕಣ್ಣು ಮುಚ್ಚಿಕೊಂಡು ಓಡುತ್ತಿದ್ದೆ. ಅವಳಪ್ಪ ಈಗಲೂ ಒಂಟಿಯಾಗಿದ್ದರೆ ಹಿತ್ತಲ ದೀಪ ಹಾಕಿಯೇ ಮಲಗುವುದು. ಗುಮ್ಮನನ್ನು ಹೋಗಿ ನೋಡಿಯೇಬಿಡೋಣ ಎಂದು ನಮ್ಮ ಎರಡೂ ವಂಶದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಈ ಬೆರಳುದ್ದದ ಹುಡುಗಿ ನಡುಗುತ್ತಲೇ ಬಂದು, ತಾನೇ ಬಾಗಿಲು ಹಾಕಿಕೊಂಡು, ನಾಲ್ಕು ದಿನ ಕೂತಿದ್ದಾಳೆ.

"ನೀನು ಗುಮ್ಮ ಅಲ್ಲ ಮಗಳೇ."

"ನೀನು ಅಮ್ಮ. ನೀನು ಹಾಗೇ ಹೇಳ್ತೀಯ."

"ಮತ್ತೆ ಯಾರು ಹೇಳಿದ್ರೆ ನಂಬ್ತೀಯ?"

"ಅತ್ತೆ. ಅವ್ರೇ ತಾನೆ ತೋರಿಸಿದ್ದು."

"ಸರಿ, ಹಾಗಾದ್ರೆ ಅವರನ್ನೇ ಕೇಳು."

"ನೀನು ಕೇಳಮ್ಮ."

ಕೇಳಬಹುದಿತ್ತು. ಒಂದು ಮಾತು ಹೇಳಿದ್ದರೆ ಅತ್ತಿಗೆ "ಅಯ್ಯೋ ನನ್ನ ಹುಚ್ಚಿ" ಎಂದು ಮುದ್ದು ಮಾಡಿ ಮುಗಿಸಿಬಿಡುತ್ತಿದ್ದರು. ಆದರೆ ಅದು ಅವಳು ಕತ್ತಲಲ್ಲಿ ಕೂತು ದುಡಿದ ಪ್ರಶ್ನೆ. ನಾನು ಬಾಯಿ ಹಾಕಿದರೆ ನನ್ನದಾಗಿಬಿಡುತ್ತದೆ.

"ನಾನು ಹಿಂದೇನೇ ನಿಂತಿರ್ತೀನಿ. ಮಾತು ಮಾತ್ರ ನಿಂದು."

"ಅತ್ತೆ ನಕ್ಕುಬಿಟ್ರೆ?"

"ನಗಲಿ ಬಿಡು. ಎಷ್ಟು ಹೊತ್ತು ನಗ್ತಾರೆ? ನಕ್ಕಾದ್ಮೇಲೆ ಉತ್ತರ ಹೇಳ್ಲೇಬೇಕಲ್ಲ."

ಅವಳು ಅದನ್ನು ಯೋಚಿಸಿದಳು. ಆಮೇಲೆ ಟ್ರಂಕಿನಿಂದ ಇಳಿಯುವ ಸದ್ದಾಯಿತು.

ಕನ್ನಡಿ ಕೈಗೆ ಬಂದಾಗ ನಮ್ಮವರ ಮುಖದ ನೊರೆ ಒಣಗಿ ಬಿರುಕು ಬಿಟ್ಟಿತ್ತು. "ಓಹೋ, ಕಳ್ಳಿ ಇವಳಾ? ಯಾಕೆ, ನಿಂಗೂ ಗಡ್ಡ ಬಂತಾ?" ಎಂದು ಕೆನ್ನೆ ಹಿಂಡಿದರು. ಅವಳು ತಲೆ ಕೊಡವಿಕೊಂಡು ಮುಂದೆ ನಡೆದಳು, ತುರ್ತು ಕೆಲಸ ಇದ್ದವರ ಹಾಗೆ.

ಕೋಣೆಯಲ್ಲಿ ಅತ್ತಿಗೆ ಬಟ್ಟಲು, ಚಮಚ ಹಿಡಿದು ಯುದ್ಧ ನಡೆಸಿದ್ದರು. ಪಾಪುವಿನ ಗಲ್ಲದ ಮೇಲೆಲ್ಲ ಊಟ, ಬಾಯಿ ಮಾತ್ರ ಭದ್ರ. ಮಗಳು ಹೊಸಿಲ ಹತ್ತಿರ ನಿಂತುಬಿಟ್ಟಳು. ಬೆನ್ನಿಗೆ ಕೈ ಕೊಟ್ಟು ಸ್ವಲ್ಪ ನೂಕೋಣ ಎನಿಸಿತು. ಬೇಡವೆಂದು ನನ್ನ ಎರಡೂ ಕೈಗಳನ್ನು ಕಟ್ಟಿಕೊಂಡೆ.

"ಆ ಅಂತೀಯೋ, ಕರೀಲೋ? ಕರೀತೀನಿ ನೋಡು ಈಗ. ಗುಮ್ಮಾ..."

ಮಗಳ ಹೆಗಲು ಮೇಲೇರಿತು. ಬಲಗಾಲು ಎತ್ತಿ ಹೊಸಿಲು ದಾಟಿಸಿ ಒಳಗಿಟ್ಟಳು. ಆಮೇಲೆ ಎಡಗಾಲು. ಪಾಪು ಅವಳನ್ನು ಕಂಡು ತುಟಿ ಸೊಟ್ಟ ಮಾಡಿದ, ಇನ್ನೇನು ಅಳಬೇಕು. ಅವಳು ಹಿಂದೆ ಸರಿಯಲಿಲ್ಲ. ಕೂದಲನ್ನು ಎರಡೂ ಕಿವಿಯ ಹಿಂದೆ ಸಿಕ್ಕಿಸಿ, ಮುಖ ಪೂರ್ತಿ ಕಾಣುವ ಹಾಗೆ ನಿಂತಳು.

"ಏನೇ ಗುಮ್ಮಿ, ಇವತ್ತು ಸವಾರಿ ಒಳಗೇ ಬಂದುಬಿಡ್ತು?" ಅತ್ತಿಗೆ ನಕ್ಕರು.

ಈಗ ತಿರುಗಿ ನನ್ನನ್ನು ನೋಡುತ್ತಾಳೆ, ಸಹಾಯ ಕೇಳುತ್ತಾಳೆ ಎಂದುಕೊಂಡೆ. ತಿರುಗಲೇ ಇಲ್ಲ. ಶಾಲೆಯಲ್ಲಿ ಹಾಜರಿ ಕೂಗಿದರೆ ಇವಳ ದನಿ ಪಕ್ಕದ ಹುಡುಗಿಗೂ ಕೇಳಿಸುವುದಿಲ್ಲ ಎಂದು ಟೀಚರು ಮೂರು ಸಲ ದೂರು ಹೇಳಿದ್ದರು. ಆ ದನಿ ಅಂದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನವರೆಗೂ ಕೇಳಿಸಿರಬೇಕು.

"ಅತ್ತೆ, ನೀವು ಪಾಪುಗೆ ತೋರಿಸ್ತೀರಲ್ಲ ಗುಮ್ಮ, ಅದು ನಾನಾ?"