ತೋಳಿನಂಚಿನ ಗೋಪುರ

ಕೊಲ್ಲಾಪುರಮ್ಮ ನಡುಮನೆಯಲ್ಲಿ ಕೂತು ಬ್ಲೇಡಿನ ತುದಿಯಿಂದ ಹಳೇ ರವಿಕೆಯ ಹೊಲಿಗೆ ಬಿಚ್ಚುತ್ತಿದ್ದಳು. ಹೊರಗೆ ಜಗಲಿಯ ಮೇಲೆ ಅವಳ ಅವ್ವ ಕರಿಯಕ್ಕನನ್ನು ಗೋಡೆಗೊರಗಿಸಿ ಕೂರಿಸಿದ್ದರು.

"ಹೆಣ ಮನೆ ಮುಂದೆ ಐತೆ, ನೀನು ಹೊಲಿಗೆ ಬಿಚ್ಕೋಂತ ಕುಂತೀಯಲ್ಲೇ! ಬುದ್ಧಿ ಗಿದ್ಧಿ ಐತೋ ಇಲ್ಲೋ?" ಅಪ್ಪನ ಅಕ್ಕ ಬೊಮ್ಮಕ್ಕ ಬಾಗಿಲಲ್ಲೇ ನಿಂತು ಗದರಿದಳು.

"ನಾನು ಹೋದ ದಿನ ಇದನ್ನೇ ಹಾಕ್ಕೋ ಅಂತ ಅವ್ವ ಹೇಳಿದ್ಲು ಅತ್ತೆ. ಈಗ ಮೈಗೆ ಹಿಡಿಸ್ತಿಲ್ಲ."

"ಸಾವಿನ ಮನೇಲಿ ಜರಿ ರವಿಕೆ! ಅದೂ ತೋಳಿನ ಅಂಚು ತಲೆಕೆಳಗೆ ಇರೋದು. ಸಂತೇಬೆನ್ನೂರಿಗೆ ಸಂತೇಬೆನ್ನೂರೇ ಹೊರಗೆ ನಿಂತೈತೆ. ಸತ್ತ ಮೇಲೂ ಅವಳನ್ನ ನಗೆಪಾಟಲು ಮಾಡ್ತೀಯಾ?"

ಕೊಲ್ಲಾಪುರಮ್ಮ ಮತ್ತೊಂದು ಎಳೆ ಕತ್ತರಿಸಿದಳು. ಅತ್ತೂ ಅತ್ತೂ ಸಾಕಾಗಿ ಈಗ ಹಟವೊಂದೇ ಉಳಿದಿತ್ತು. ಬಾಯಿಬಿಟ್ಟು ಏನನ್ನೂ ಕೇಳದ ಅವ್ವ ಕೇಳಿದ್ದು ಇದೊಂದೇ. ರವಿಕೆ ಸಡಿಲವಾಗುವ ಮೊದಲೇ ಹೆಣ ಎತ್ತಿಬಿಟ್ಟರೆ ಅದೂ ಆಗದೆ ಹೋಗುತ್ತಿತ್ತು.

* * *

ಎಪ್ಪತ್ಮೂರರಲ್ಲಿ, ಶಾಲೆಗೆ ಹೋಗುತ್ತಿದ್ದಾಗ, ಕೊಲ್ಲಾಪುರಮ್ಮನಿಗೆ ಭಾಷಣದಲ್ಲಿ ಮೊದಲ ಬಹುಮಾನ ಬಂತು. ಬಹುಮಾನದ ಕಪ್ಪು ಕೊಡಲು ದಾವಣಗೆರೆಯಲ್ಲಿ ದೊಡ್ಡ ಸಭೆ. ಹಾಕಿಕೊಳ್ಳಲು ಒಂದು ಒಳ್ಳೆ ಬಟ್ಟೆ ಇರಲಿಲ್ಲ.

ಕರಿಯಕ್ಕ ಟ್ರಂಕು ತೆಗೆದಳು. ಜರಿ ಗೋಪುರದಂಚಿನ ಅವಳ ಧಾರೆ ಸೀರೆಯ ಸೆರಗನ್ನು ಇಲಿ ಕಡಿದಿತ್ತು. ಉಳಿದದ್ದು ಉದ್ದ ಲಂಗವಾಯಿತು, ಮುಂಗೈವರೆಗಿನ ರವಿಕೆಯಾಯಿತು. ಒಳಗೆ ಗಂಡನ ಹಳೇ ಪಂಚೆಯ ಅಸ್ತರು. ಕತ್ತುಪಟ್ಟಿ ಬಿಗಿಯಾಗಿ ನಿಲ್ಲಲಿ ಎಂದು ಮುರಿದ ಕೊಡೆಯ ಬಟ್ಟೆ. ಗುಂಡಿಗಳು ಗಂಡನದೇ ಕೋಟಿನವು.

ಹುಡುಗಿ ಹಾಕಿಕೊಂಡು ನೋಡಿ ಅಳುಮೋರೆ ಮಾಡಿದಳು. "ಅವ್ವಾ, ತೋಳಿನಲ್ಲಿ ಗೋಪುರ ಎಲ್ಲಾ ತಲೆಕೆಳಗಾಗ್ಯಾವೆ!"

"ನೀನು ಕೈ ಕೆಳಗೆ ಬಿಟ್ಕೊಂಡು ನಿಲ್ಲಾಕೆ ಹೋಗ್ತೀಯೇನು? ಕಪ್ಪು ಎತ್ತಿ ಹಿಡಿಯಾಕೆ ತಾನೇ? ಎತ್ತು, ಆಮೇಲೆ ಹೇಳು."

ವೇದಿಕೆ ಮೇಲೆ ಅವಳು ಕಪ್ಪು ಎತ್ತಿದಳು. ಭಯದಲ್ಲಿ ತನ್ನ ತೋಳನ್ನು ತಾನೇ ನೋಡಲಿಲ್ಲ. ಹಿಂದಿನ ಸಾಲಿನಿಂದ ಅವ್ವ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದದ್ದು ಮಾತ್ರ ಕೇಳಿಸಿತು.

ಮುಂದೆ ಆ ಲಂಗ ಮೊಮ್ಮಗಳ ಫ್ರಾಕಾಯಿತು. ರವಿಕೆ ಉಳಿಯಿತು. ಹೋದ ಯುಗಾದಿಗೆ ಕರಿಯಕ್ಕ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಾ ನಗುನಗುತ್ತಲೇ ಹೇಳಿದ್ದಳು: "ನಾನು ಹೋದ ದಿನ ಅದನ್ನೇ ಹಾಕ್ಕೋ. ನೆಂಟ್ರೆಲ್ಲಾ ಬಂದಿರ್ತಾರೆ. ನಾನು ಹೊಲಿದಿದ್ದನ್ನ ಮತ್ತೆ ಯಾವಾಗ ನೋಡ್ತಾರೆ?"

* * *

ಹೊರಗೆ ಹಲಿಗೆಯ ಬಡಿತ ಜೋರಾಯಿತು. ಸೋದರಮಾವ ರೇವಣ್ಣ ಒಳಗೆ ಇಣುಕಿದ. "ಏನವ್ವಾ, ಆಯ್ತಾ?"

"ಇನ್ನೊಂಚೂರು ಮಾವ."

"ತಡೀರಪ್ಪಾ, ಅಕ್ಕನಿಗೇನು ಬಸ್ಸು ತಪ್ಪಿಹೋಗ್ತೈತಾ?" ಎಂದು ಹೊರಗೆ ತಿರುಗಿ ಕೂಗಿದ. ಅಳುತ್ತಿದ್ದವರಲ್ಲೂ ಯಾರೋ ನಕ್ಕರು.

ಕರಿಯಕ್ಕ ರವಿಕೆಯ ಎರಡೂ ಪಕ್ಕ ಧಾರಾಳವಾಗಿ ಬಟ್ಟೆ ಬಿಟ್ಟು ಒಂದರ ಹೊರಗೊಂದು ಮೂರು ಹೊಲಿಗೆ ಹಾಕಿದ್ದಳು. ಒಂದನ್ನು ಬಿಚ್ಚಿದರೆ ಅದರ ಹೊರಗಿನದು ಹಿಡಿದುಕೊಳ್ಳುತ್ತಿತ್ತು. ಮೊದಲನೆಯದನ್ನು ಮದುವೆಯಾದ ಮೇಲೆ ಬಿಚ್ಚಿದ್ದಾಗಿತ್ತು. ಈಗ ಎರಡನೆಯದೂ ಬಿಚ್ಚಿತು. ಒಳಗೆ ಮಡಚಿದ್ದ ರೇಷ್ಮೆ ಬಿಸಿಲು ಕಾಣದೆ ಇನ್ನೂ ಹೊಸದಾಗಿತ್ತು. ಮೂರನೆಯ ಹೊಲಿಗೆ ಹಾಗೇ ಇತ್ತು. ಮಗಳು ಇನ್ನೂ ದಪ್ಪಗಾಗುತ್ತಾಳೆ ಎಂದು ಅವ್ವ ಆವತ್ತೇ ಲೆಕ್ಕ ಹಾಕಿದ್ದಳಲ್ಲ ಎಂದು ಕೊಲ್ಲಾಪುರಮ್ಮನಿಗೆ ನಗು ಬಂತು, ಜೊತೆಗೆ ಅಳುವೂ ಬಂತು.

ರವಿಕೆ ತೊಟ್ಟು, ಮೇಲೆ ಬಿಳಿ ಸೀರೆಯುಟ್ಟು ಹೊರಗೆ ಬಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬೊಮ್ಮಕ್ಕ ತಲೆ ತಗ್ಗಿಸಿದಳು.

ಹೆಣ ಎತ್ತಿದರು. ರೇವಣ್ಣ ಮಂಡಕ್ಕಿ ತುಂಬಿದ ಮೊರವನ್ನು ಬೊಮ್ಮಕ್ಕನ ಕೈಗೆ ಕೊಟ್ಟು, ಕೊಲ್ಲಾಪುರಮ್ಮನ ಕಡೆ ತಿರುಗಿದ. "ಗಂಡುಮಗ ಇಲ್ಲ, ನೀನೇ ತೂರವ್ವ."

ಅವಳು ಬೊಗಸೆ ತುಂಬಿಕೊಂಡು ಅವ್ವನ ಮೇಲೆ ಎತ್ತರಕ್ಕೆ ತೂರಿದಳು.

ಬೊಮ್ಮಕ್ಕ ಬಾಯಿ ತೆರೆದುಕೊಂಡು ನಿಂತಳು. "ಅಯ್ಯ! ಸರಿಯಾಗೇ ಐತಲ್ಲೇ!"

ಎತ್ತಿದ ತೋಳುಗಳ ತುಂಬ ಜರಿಯ ಗೋಪುರಗಳು ಸಾಲಾಗಿ ನೆಟ್ಟಗೆ ನಿಂತಿದ್ದವು. ಕೈ ಇಳಿಯಿತು, ಅವೂ ಬಗ್ಗಿದವು.

ಬೊಮ್ಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಮೊರವನ್ನು ಅವಳ ಮುಂದೆ ಚಾಚಿದಳು.

"ತೂರೇ, ಇನ್ನೊಂದ್ಸಲ ತೂರು. ಆ ಕಡೆ ನಿಂತಿರೋರಿಗೆ ಕಾಣ್ಲಿಲ್ಲ."