ಕಂಬಳಿಯ ಅಂಚು

"ಲೇ ಯಶೋದಾ, ಆ ಕೈ ಸೆರಗಿನೊಳಗಿಟ್ಕ. ಹಲ್ಕಟ್ ಮುಂಡೆ, ವಿಮಾನ ಹತ್ತಿ ಬಂದ್ರೂ ಕುರಿಹಟ್ಟಿ ನಾತ ಹೋಗಿಲ್ಲ ನಿಂಗೆ!"

ಬೈದವನು ಕನಕರಾಜ್ ಮಾಮ. ಅವ್ವನ ಒಡಹುಟ್ಟಿದ ತಮ್ಮ. ನಮ್ಮ ಹಟ್ಟಿಯಲ್ಲೇ ಹುಟ್ಟಿ, ಈಗ ಹೊಸದುರ್ಗದಲ್ಲಿ ಹುಡುಗಿಯರನ್ನು ಹೊರದೇಶದ ತರಬೇತಿಗೆ ಕಳಿಸುವ ಆಫೀಸು ಇಟ್ಟಿದ್ದಾನೆ. ಹೊಲಿಗೆ ಕಲಿತು ಬಂದರೆ ನಾಲ್ಕು ಜನಕ್ಕೆ ನೀನೇ ಕೆಲಸ ಕೊಡ್ತೀಯ ಎಂದು ನನ್ನನ್ನು ಕಳಿಸಿದ್ದೂ ಅವನೇ. ಅಲ್ಲಿ ಹೊಲಿಗೆ ಮಿಷನ್ನೇ ಇರಲಿಲ್ಲ. ಮಂಜುಗಡ್ಡೆ ತುಂಬಿದ ಕೋಣೆಯಲ್ಲಿ ನಿಂತು ಎರಡು ವರ್ಷ ಸಿಗಡಿ ಸುಲಿದೆ. ಉಗುರು ಉದುರಿದವು. ಈಗ ಉಣ್ಣೆ ನೂಲಲು ಕೂತರೆ ಎಳೆ ಬೆರಳಿಗೆ ತಾಕಿದ್ದೇ ತಿಳಿಯುವುದಿಲ್ಲ. ಕಡಿದುಹೋದ ಮೇಲೆ ಕಣ್ಣಿಗೆ ಕಾಣುತ್ತದೆ.

ಬಾಗೂರಿನ ಸಮುದಾಯ ಭವನದಲ್ಲಿ ಇವತ್ತು ಬೀಳ್ಕೊಡುಗೆ. ಪಕ್ಕದ ಮನೆಯ ಯಮುನಾ ನಾಳೆ ಹೊರಡುತ್ತಾಳೆ. ಅದೇ ಊರು, ಅದೇ ತರಬೇತಿ. ಅದರಿಂದ ನನಗೆಷ್ಟು ಒಳ್ಳೆಯದಾಯಿತೆಂದು ನಾನು ಮೈಕಿನಲ್ಲಿ ಹೇಳಬೇಕು.

"ಹೇಳ್ಕೊಟ್ಟಷ್ಟು ಒದರಿ ಇಳ್ದುಬಿಡು," ಎಂದು ಮಾಮ ಹಲ್ಲು ಕಚ್ಚಿದ.

ಅವ್ವ ನನ್ನ ಜಡೆ ಸರಿಮಾಡುತ್ತಿದ್ದಳು. "ಒಡಹುಟ್ಟಿದೋನು ಕಣೇ. ಅವ್ನ ಮಾನ ತೆಗೀಬ್ಯಾಡ."

"ನಂದು?"

ಅವ್ವ ಜಡೆಯನ್ನು ಇನ್ನಷ್ಟು ಬಿಗಿದಳು.

ವೇದಿಕೆಯಲ್ಲಿ ಮಾಮ ನಗುನಗುತ್ತ ನನ್ನ ಹೆಗಲಿಗೆ ಕರಿಕಂಬಳಿ ಹೊದಿಸಿದ. ಫೋಟೊ ತೆಗೆದರು. ಬಂದ ಬಂದ ದೊಡ್ಡವರಿಗೆಲ್ಲ ಹೊದಿಸಿ ರೂಢಿಯಾದವನಿಗೆ ಹಟ್ಟಿಯ ಕಟ್ಟಳೆ ಮರೆತಿತ್ತು. ಜಗಳ ಬಗೆಹರಿಯದಿದ್ದರೆ ನಮ್ಮಲ್ಲಿ ಕಂಬಳಿ ಹಾಸುತ್ತಾರೆ. ಅದರ ಮೇಲೆ ಬರಿಗಾಲಲ್ಲಿ ನಿಂತವರು ಸುಳ್ಳಾಡುವುದಿಲ್ಲ.

ಹೆಗಲ ಮೇಲಿದ್ದದ್ದನ್ನು ತೆಗೆದು ಹಾಸಿದೆ. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು, ಸೆರಗಿನೊಳಗಿನ ಕೈಗಳನ್ನು ಮೇಲೆತ್ತಿ ಹಿಡಿದೆ.

"ಯಮುನಾ, ನೋಡವ್ವ. ಹೊಲಿಗೆ ಕಲ್ತ ಕೈ ಇವು."

"ಮೈಕ್ ಬಂದ್ ಮಾಡ್ರಲೇ! ತಲೆ ಕೆಟ್ಟೈತೆ ಇವ್ಳಿಗೆ!"

ಮೈಕು ಸತ್ತಿತು. ಯಮುನಾ ಎದ್ದು ನಿಂತಳು. ಅವಳು ಕೇಳಿದ್ದು ಮುಂದಿನ ಸಾಲಿನಲ್ಲಿದ್ದ ಅವ್ವನನ್ನು.

"ದೊಡ್ಡವ್ವ, ನೀನೇ ಹೇಳಿದ್ದಲ್ಲ? ಅಕ್ಕ ಅಲ್ಲಿ ರಾಣಿ ಇದ್ದಂಗವ್ಳೆ, ಫೋನ್ ಮಾಡಿದಾಗೆಲ್ಲ ನಗ್ತಾಳೆ ಅಂತ? ಅದ್ನ ಕೇಳೇ ನಾ ಒಪ್ಕಂಡಿದ್ದು."

ಕರೆಸಿಕೊಳ್ಳವ್ವ ಎಂದು ನಾನು ಆ ಫೋನಿನಲ್ಲಿ ಬಿಕ್ಕುತ್ತಿದ್ದೆ. ತಡ್ಕಳೆ ತಾಯಿ ಅನ್ನುತ್ತಿದ್ದಳು ಅವ್ವ. ಫೋನಿಟ್ಟ ಮೇಲೆ ಹಟ್ಟಿಗೆಲ್ಲ ನನ್ನ ನಗು ಹಂಚುತ್ತಿದ್ದಳೆಂದು ನನಗೆ ಈಗ ಗೊತ್ತಾಯಿತು.

"ಬಾರವ್ವ," ಅಂದೆ. "ನೀನೂ ಇದ್ರ ಮ್ಯಾಲೆ ನಿಂತ್ಕಂಡು ಹೇಳು. ನಾ ನಗ್ತಿದ್ನೋ, ಅಳ್ತಿದ್ನೋ?"

ಅವ್ವ ಮೆಟ್ಟಿಲು ಹತ್ತಿ ಬಂದಳು. ಚಪ್ಪಲಿ ಕಳಚಿದಳು. ಒಂದು ಕಾಲು ಎತ್ತಿದಳು.

"ಅಕ್ಕಾ," ಅಂದ ಮಾಮ, ಮೆಲ್ಲಗೆ.

ಎತ್ತಿದ ಕಾಲು ಕಂಬಳಿಯ ಅಂಚಿನಾಚೆಗೇ ಇಳಿಯಿತು. ಅವ್ವ ಅಲ್ಲೇ ನಿಂತಳು, ತಲೆ ಬಗ್ಗಿಸಿ.

ಯಮುನಾ ಈಗ ನನ್ನ ಕೈ ನೋಡುತ್ತಿರಲಿಲ್ಲ. ಆ ಕಾಲನ್ನೇ ನೋಡುತ್ತಿದ್ದಳು.